ಸೀಟು ಸಿಕ್ತು, ದುಡ್ಡಿಗೇನು ಮಾಡೋದು? (ಓದುಗರ ಪ್ರಶ್ನೆ – ಡಾಕ್ಟ್ರ ಉತ್ತರ)

ಹೋದ ಸಂಚಿಕೆಯಲ್ಲಿ ವೆಟರ್ನರಿ ಓದ್ತಿರೋ ಮಕ್ಕಳ ಖರ್ಚುವೆಚ್ಚದ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೇ ಮಗು ಇದು ಅನ್ನೋ ಕುಟುಂಬಗಳಿಂದ ಬಂದಿವೆ. ಹಾಗಾಗಿ ಈ ಸಲ ಕಾಲುಬಾಯಿ ರೋಗ, ಕೆಚ್ಚಲು ಬಾವು ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಪೂರ್ತಿ ಜಾಗ ಇದಕ್ಕೇ ಕೊಟ್ಟಿದೀನಿ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಸಾರ್, ನಮ್ಮದು ಶಿರಾ ತಾಲೂಕಿನ ಒಂದು ಗೊಲ್ಲರಹಟ್ಟಿ. ಕುರಿ ಸಾಕೋದೇ ಕಸುಬು, ಪ್ರವರ್ಗ-1. ಸಿಇಟಿಲಿ ನನಗೆ ಬೀದರ್ ವೆಟರ್ನರಿ ಕಾಲೇಜು ಸಿಕ್ಕಿದೆ. ಐದೂವರೆ ವರ್ಷ ಅಂದ್ರೆ ಎಷ್ಟಾಗುತ್ತೋ ಅಂತ ಹೆದರಿ ಅಪ್ಪ ಅರ್ಧ ಹಿಂಡು ಮಾರಿಬಿಡ್ತೀನಿ ಅಂತಿದಾರೆ. ಕುರಿ ಮಾರಿಸಿ ಓದೋದಕ್ಕೆ ನನಗೆ ಮನಸ್ಸಿಲ್ಲ, ಸೀಟು ಬಿಟ್ಟು ಬಿಎಸ್ಸಿ ಸೇರ್ಲಾ?

ತಮ್ಮಾ, ಸೀಟು ಬಿಡಬೇಡ. ಇದನ್ನ ಮೊದಲು ಹೇಳ್ಬಿಡ್ತೀನಿ, ಉಳಿದಿದ್ದು ಆಮೇಲೆ. 2019ರ ಜಾನುವಾರು ಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಕುರಿಗಳೇ ಒಂದು ಕೋಟಿ ಹತ್ತು ಲಕ್ಷದ ಹತ್ರ ಇವೆ, ಆ ಕುರಿ ಕಾಯೋ ಮನೆಗಳಿಂದ ಡಾಕ್ಟ್ರಾಗಿ ಬಂದೋರು ಎಷ್ಟು ಜನ ಅಂತ ನಾನು ಸರ್ವಿಸಲ್ಲಿದ್ದಾಗ ಸುತ್ತಮುತ್ತ ನೋಡಿದ್ರೆ ತುಂಬ ಕಮ್ಮಿ ಕಾಣೋರು. ಗುಂಪಿನಲ್ಲಿ ಒಂದು ಕುರಿ ತಲೆ ಬಗ್ಗಿಸಿ ಹಿಂದೆ ಉಳಿದ್ರೆ ಏನೋ ಆಗಿದೆ ಅಂತ ದೂರದಿಂದಲೇ ಗೊತ್ತಾಗೋ ಕಣ್ಣು ನಿನಗೆ ಈಗಾಗಲೇ ಇದೆ, ಪೇಟೆ ಹುಡುಗರಿಗೆ ಅದನ್ನ ಕಲಿಯೋಕೆ ಮೂರನೇ ವರ್ಷ ಬರ್ಬೇಕು.

ಈಗ ದುಡ್ಡಿನ ವಿಷಯ. ಐದೂವರೆ ವರ್ಷದ್ದು ಒಟ್ಟಿಗೆ ಲೆಕ್ಕ ಹಾಕಿದ್ರೆ ಯಾವ ಅಪ್ಪನಿಗಾದ್ರೂ ಭಯ ಆಗುತ್ತೆ. ಹಾಗೆ ಹಾಕಬೇಡ. ಮೊದಲ ನಾಲ್ಕೂವರೆ ವರ್ಷ ಕ್ಲಾಸು, ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್, ಅದಕ್ಕೆ ಸ್ಟೈಪೆಂಡ್ ಇದೆ. ಇದು ಸರ್ಕಾರಿ ವಿಶ್ವವಿದ್ಯಾಲಯದ ಕಾಲೇಜು, ಸರ್ಕಾರಿ ಕೋಟಾ ಸೀಟಿನ ಫೀಸು ಪ್ರೈವೇಟ್ ಮೆಡಿಕಲ್ ಕಾಲೇಜು ಲೆಕ್ಕದಲ್ಲಿ ಇರಲ್ಲ. ನಿಜವಾಗಿ ಸುಸ್ತು ಮಾಡೋದು ಫೀಸಲ್ಲ, ತಿಂಗಳು ತಿಂಗಳು ಬರೋ ಮೆಸ್ ಬಿಲ್ಲು, ಊರಿಗೆ ಹೋಗಿ ಬರೋ ಬಸ್ ಚಾರ್ಜು, ಏಪ್ರನ್ನು, ಗಮ್‌ಬೂಟು, ಡಿಸೆಕ್ಷನ್ ಕಿಟ್ಟು, ಸ್ಟೆಥಸ್ಕೋಪು, ಪುಸ್ತಕ, ಇವೆಲ್ಲ ಸೇರಿ ಮೊದಲ ಮೂರು ನಾಲ್ಕು ತಿಂಗಳಲ್ಲೇ ಬಂದು ಬೀಳುತ್ತೆ. ಸ್ಕಾಲರ್‌ಶಿಪ್ ದುಡ್ಡು ಮಾತ್ರ ಆ ಹೊತ್ತಿಗೆ ಬರಲ್ಲ, ವರ್ಷದ ಕೊನೆಗೋ, ಎಷ್ಟೋ ಸಲ ಮುಂದಿನ ವರ್ಷಕ್ಕೋ ಬರುತ್ತೆ. ಸ್ಕೀಮೇ ಇಲ್ಲ ಅಂತಲ್ಲ, ಬೇಕಾದಾಗ ಕೈಗೆ ಸಿಗಲ್ಲ ಅನ್ನೋದೇ ಬಡ ಮನೆ ಮಕ್ಕಳ ದೊಡ್ಡ ಕಷ್ಟ. ಆದ್ರಿಂದ ನಿಮ್ಮಪ್ಪ ಕುರಿ ಮಾರೋದಾದ್ರೆ ಈ ಮೊದಲ ನಾಲ್ಕು ತಿಂಗಳಿಗೆ ಎಷ್ಟು ಬೇಕೋ ಅಷ್ಟಕ್ಕೆ ಮಾರ್ಲಿ, ಅದೂ ಟಗರು ಮರಿಗಳನ್ನ. ಮರಿ ಹಾಕೋ ಹೆಣ್ಣು ಕುರಿ ಒಂದನ್ನೂ ಮುಟ್ಟಬಾರದು, ಅವು ನಿನ್ನ ಎರಡನೇ ವರ್ಷದ, ಮೂರನೇ ವರ್ಷದ ಖರ್ಚು. ಮುಂದಿನ ವರ್ಷದಿಂದ ಬಕ್ರೀದ್ ರೇಟು ನೋಡ್ಕೊಂಡು ಟಗರು ಕೊಟ್ರೆ ಅದೇ ಒಂದು ಕಂತು ಆಗುತ್ತೆ.

ಇನ್ನು ಅರ್ಜಿಗಳು. ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್, ಅದೇ ಎಸ್‌ಎಸ್‌ಪಿ ಅಂತಾರಲ್ಲ, ಅದರಲ್ಲಿ ಪೋಸ್ಟ್ ಮೆಟ್ರಿಕ್, ಅಂದ್ರೆ ಹತ್ತನೇ ಕ್ಲಾಸ್ ಆದ ಮೇಲಿನ ಓದಿನ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕ್ಬೇಕು. ಹಿಂದುಳಿದ ವರ್ಗಗಳ ಇಲಾಖೆದು ಶುಲ್ಕ ವಿನಾಯಿತಿ, ಸ್ಕಾಲರ್‌ಶಿಪ್ಪು ಎಲ್ಲ ಅಲ್ಲಿಂದಲೇ ನಡೆಯುತ್ತೆ, ಆದಾಯ ಮಿತಿ ಪ್ರವರ್ಗ ನೋಡಿ ಬೇರೆ ಬೇರೆ ಇರುತ್ತೆ. ಕ್ಯಾಂಪಸ್ ಹಾಸ್ಟೆಲ್ ಸಿಗಲಿಲ್ಲ ಅಂದ್ರೆ ಅದೇ ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್‌ಗೆ ಸ್ಟೇಟ್ ಹಾಸ್ಟೆಲ್ ಪೋರ್ಟಲಲ್ಲಿ ಬೇರೆ ಅರ್ಜಿ ಹಾಕ್ಬೇಕು, ಎಸ್‌ಎಸ್‌ಪಿಲಿ ಹಾಕಿದೀನಲ್ಲ ಸಾಕು ಅಂದ್ಕೋಬೇಡ, ಎರಡೂ ಬೇರೆ. ಅಲ್ಲೂ ಜಾಗ ಇಲ್ಲ ಅಂದ್ರೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿ ಹಾಗೆ ಹತ್ತು ತಿಂಗಳಿಗೆ 15,000. ನಿಮ್ಮಪ್ಪನ ಹೆಸರಲ್ಲಿ ಜಮೀನು ಇದ್ದು ಫ್ರೂಟ್ಸ್ ಐಡಿ (ಸರ್ಕಾರದಲ್ಲಿ ರೈತ ಅಂತ ನೋಂದಾಯಿಸಿದ ನಂಬರು, ಎಫ್‌ಐಡಿ ಅಂತಲೂ ಅಂತಾರೆ) ಆಗಿದ್ರೆ ರೈತರ ಮಕ್ಕಳಿಗೆ ಕೊಡೋ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ನೋಡು. 2021ರಲ್ಲಿ ಶುರುವಾದಾಗ ಕೋರ್ಸ್ ನೋಡಿ ವರ್ಷಕ್ಕೆ 2,500ರಿಂದ 11,000ದ ತನಕ ಇಟ್ಟಿದ್ರು, ಹೆಣ್ಣುಮಕ್ಕಳಿಗೆ ಸ್ವಲ್ಪ ಜಾಸ್ತಿ. ಜಮೀನು ತಾತನ ಹೆಸರಲ್ಲೇ ಇದ್ದು ಪೌತಿ ಖಾತೆ (ತಾತ ತೀರಿಹೋದ ಮೇಲೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿಲ್ಲ ಅಂದ್ರೆ ಇಲ್ಲೇ ನಿಂತೋಗುತ್ತೆ, ಹಟ್ಟಿಗಳಲ್ಲಿ ಇದೇ ಜಾಸ್ತಿ, ಆದ್ರಿಂದ ನೀನು ಬೀದರಿಗೆ ಹೊರಡೋ ಮುಂಚೆ ಅಪ್ಪನ್ನ ಕರ್ಕೊಂಡು ಹೋಗಿ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ ಇದೆಯಾ ಅಂತ ಒಂದ್ಸಲ ಚೆಕ್ ಮಾಡಿಸು.

ಇನ್ನೊಂದು ಯಾರೂ ಹೇಳಲ್ಲ. ನಾಡಕಚೇರಿಯಲ್ಲಿ ಕೊಡೋ ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಅವಧಿ, ನಿನ್ನ ಕೋರ್ಸು ಐದೂವರೆ ವರ್ಷ. ಸಿಇಟಿಗೋಸ್ಕರ ಪಿಯುಸಿಲೇ ಮಾಡಿಸಿದ್ದು ನಾಲ್ಕನೇ ವರ್ಷದಲ್ಲಿ ಸರಿಯಾಗಿ ಅರ್ಜಿ ಹಾಕೋ ಟೈಮಿಗೆ ಮುಗಿದಿರುತ್ತೆ, ಪೋರ್ಟಲ್ ಆ ಪತ್ರದ ಮೇಲಿರೋ ಆರ್‌ಡಿ ನಂಬರ್ ತಗೊಳ್ಳಲ್ಲ, ನೀನು ಬೀದರಲ್ಲಿ, ಅಪ್ಪ ಎಲ್ಲೋ ಅಡವಿಯಲ್ಲಿ ಕುರಿ ಬಿಟ್ಕೊಂಡು ಇರ್ತಾರೆ, ಅಷ್ಟರಲ್ಲಿ ಲಾಸ್ಟ್ ಡೇಟ್ ಹೋಗುತ್ತೆ. ಅದು ಯಾವತ್ತು ಮುಗಿಯುತ್ತೆ ಅಂತ ಇವತ್ತೇ ಬರೆದಿಟ್ಕೋ.

ಪ್ರಶ್ನೆ: ಸರ್ ನಮಸ್ಕಾರ್ರಿ. ನಾವು ಕಲಬುರಗಿ ಜಿಲ್ಲಾದೋರು, ಎಸ್‌ಸಿ ಅದೀವಿ, ಕೂಲಿ ಮಾಡ್ತೀವ್ರಿ. ಮಗಳು ಬೆಂಗಳೂರು ಹೆಬ್ಬಾಳದಾಗ ವೆಟರ್ನರಿ ಎರಡನೇ ವರ್ಷ ಓದಾಕತ್ಯಾಳ. ಹ್ವಾದ ವರ್ಷದ ಸ್ಕಾಲರ್‌ಶಿಪ್ ಇನ್ನಾ ಬಂದಿಲ್ರಿ. ಆನ್‌ಲೈನ್‌ದಾಗ ನೋಡಿದ್ರ ಸ್ಯಾಂಕ್ಷನ್ ಆಗ್ಯಾದ ಅಂತ ತೋರಸ್ತದ, ಅಕೌಂಟಿಗಿ ಬಂದಿಲ್ಲ. ಯಾರಿಗಿ ಕೇಳ್ಬೇಕು ತಿಳಿವಲ್ದು.

ಅಕ್ಕಾ, ಸ್ಯಾಂಕ್ಷನ್ ಆಗಿದೆ ಅಂದ್ರೆ ಅರ್ಧ ಕೆಲಸ ಆಗಿದೆ, ಧೈರ್ಯವಾಗಿರಿ. ಹತ್ತರಲ್ಲಿ ಎಂಟು ಕೇಸಲ್ಲಿ ದುಡ್ಡು ನೀವು ನೋಡ್ತಿರೋ ಪಾಸ್‌ಬುಕ್ಕಿಗೆ ಬಂದಿರಲ್ಲ, ಬೇರೆ ಕಡೆ ಹೋಗಿರುತ್ತೆ ಇಲ್ಲಾ ವಾಪಸ್ ಹೋಗಿರುತ್ತೆ. ಸ್ಕಾಲರ್‌ಶಿಪ್ ಈಗ ಅಕೌಂಟ್ ನಂಬರ್ ನೋಡಿ ಹಾಕಲ್ಲ, ಆಧಾರ್ ನೋಡಿ ಹಾಕ್ತಾರೆ. ಮಗಳ ಆಧಾರು ಕೊನೆಯದಾಗಿ ಯಾವ ಬ್ಯಾಂಕಿಗೆ ಎನ್‌ಪಿಸಿಐಲಿ (ಬ್ಯಾಂಕುಗಳ ಪಾವತಿ ಜಾಲ ನಡೆಸೋ ಸಂಸ್ಥೆ) ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತೆ. ಊರಲ್ಲಿ ಶಾಲೆಗೆ ಹೋಗ್ತಿದ್ದಾಗ ತೆಗೆದ ಅಕೌಂಟು ಒಂದು, ಪೋಸ್ಟಾಫೀಸಿನವರು ತೆಗೆದುಕೊಟ್ಟಿದ್ದು ಒಂದು, ಬೆಂಗಳೂರಿಗೆ ಬಂದ ಮೇಲೆ ಕಾಲೇಜ್ ಹತ್ರ ತೆಗೆದಿದ್ದು ಇನ್ನೊಂದು, ಹೀಗೆ ಮೂರಿದ್ರೆ ಯಾವುದಕ್ಕೆ ಅಂತ ಮಗುಗೂ ಗೊತ್ತಿರಲ್ಲ. ಮಗಳಿಗೆ ಹೇಳಿ, ಮೈ ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ, ಓಟಿಪಿ ಹಾಕಿದ್ರೆ ಯಾವ ಬ್ಯಾಂಕು ಅಂತ ತೋರಿಸುತ್ತೆ. ಓಟಿಪಿ ಹಳೇ ಮೊಬೈಲ್ ನಂಬರಿಗೆ ಹೋಗ್ತಿದ್ರೆ ಮೊದಲು ಆಧಾರ್ ಸೆಂಟರಲ್ಲಿ ನಂಬರ್ ಬದಲಾಯಿಸ್ಬೇಕು.

ಎರಡನೇದು, ಆ ಅಕೌಂಟು ಜೀವಂತ ಇದೆಯಾ ನೋಡ್ಬೇಕು. ಎರಡು ವರ್ಷ ಹಾಕೋದು ತೆಗೆಯೋದು ಇಲ್ಲದಿದ್ರೆ ಬ್ಯಾಂಕಿನವರು ಅದನ್ನ ನಿಷ್ಕ್ರಿಯ ಮಾಡಿಬಿಡ್ತಾರೆ. ಪೂರ್ತಿ ಕೆವೈಸಿ (ಗುರುತು, ವಿಳಾಸದ ದಾಖಲೆ) ಇಲ್ಲದೆ ತೆಗೆದ ಸಣ್ಣ ಅಕೌಂಟಾಗಿದ್ರೆ ಅದರಲ್ಲಿ 50,000ಕ್ಕಿಂತ ಜಾಸ್ತಿ ಇರೋ ಹಾಗಿಲ್ಲ, ವರ್ಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಜಮಾ ಆಗೋ ಹಾಗೂ ಇಲ್ಲ. ಆಧಾರ್, ಫೋಟೋ ತಗೊಂಡು ಹೋಗಿ ಕೆವೈಸಿ ಮಾಡಿಸಿದ್ರೆ ಮುಗೀತು. ಇದೆಲ್ಲ ಸರಿ ಇದ್ದೂ ಬಂದಿಲ್ಲ ಅಂದ್ರೆ ಮಗಳು ಕಾಲೇಜಿನ ಸ್ಕಾಲರ್‌ಶಿಪ್ ಸೆಕ್ಷನ್ನಲ್ಲಿ ಅಪ್ಲಿಕೇಷನ್ ಐಡಿ ಕೊಟ್ಟು ಬರವಣಿಗೆಯಲ್ಲಿ ಕೇಳ್ಲಿ, ಸಮಾಜ ಕಲ್ಯಾಣ ಇಲಾಖೆಗೂ ಅದರ ಒಂದು ಪ್ರತಿ ಹೋಗ್ಲಿ. ಬಾಯಲ್ಲಿ ಕೇಳಿದ್ರೆ ನಾಳೆ ಬಾ ಅಂತಾರೆ, ಕಾಗದ ಕೊಟ್ಟು ಸ್ವೀಕೃತಿ ತಗೊಂಡ್ರೆ ಯಾರಾದ್ರೂ ಒಬ್ಬರು ಫೈಲ್ ತೆಗೀಲೇಬೇಕಾಗುತ್ತೆ.

ನಿಮ್ಮ ಹಕ್ಕು ಎಷ್ಟು ಅಂತಲೂ ತಿಳ್ಕೊಂಡಿರಿ ಅಕ್ಕಾ. ಎಸ್‌ಸಿ ಪೋಸ್ಟ್ ಮೆಟ್ರಿಕ್ ಸ್ಕೀಮಲ್ಲಿ ಮನೆಯ ವರಮಾನ ವರ್ಷಕ್ಕೆ ಎರಡೂವರೆ ಲಕ್ಷದ ಒಳಗಿದ್ರೆ ಕಡ್ಡಾಯ ಫೀಸಿನ ಜೊತೆಗೆ ನಿರ್ವಹಣಾ ಭತ್ಯೆನೂ ಇದೆ. 2021ರ ಹೊಸ ನಿಯಮಾವಳಿ ಪ್ರಕಾರ ಪ್ರೊಫೆಷನಲ್ ಡಿಗ್ರಿ ಓದೋರಿಗೆ ಹಾಸ್ಟೆಲಲ್ಲಿದ್ರೆ ವರ್ಷಕ್ಕೆ 13,500, ಮನೆಯಿಂದ ಹೋಗಿ ಬರೋರಿಗೆ 7,000. ಅದಕ್ಕೆ 75 ಪರ್ಸೆಂಟ್ ಹಾಜರಿನೂ ಬೇಕು. 13,500ರಲ್ಲಿ ಬೆಂಗಳೂರಿನ ಮೆಸ್ ಬಿಲ್ಲು ಎಷ್ಟು ತಿಂಗಳು ಬರುತ್ತೆ ಅಂತ ನೀವು ನನಗಿಂತ ಚೆನ್ನಾಗಿ ಲೆಕ್ಕ ಹಾಕ್ತೀರಿ. ಈ ಮೊತ್ತ ಸಾಲಲ್ಲ ಅಂತ ನಾನು ಇದೇ ಅಂಕಣದಲ್ಲಿ ಇನ್ನೂ ಎಷ್ಟು ಸಲ ಬೇಕಾದ್ರೂ ಬರೀತೀನಿ. ಆದ್ರೆ ಇರೋ ಅಷ್ಟನ್ನ ಬಿಡಬೇಡಿ. ಮತ್ತೆ, ಅಕೌಂಟಿಗೆ ಒಟ್ಟಾಗಿ ದೊಡ್ಡ ಮೊತ್ತ ಬಂತು ಅಂದ್ರೆ ಅದರಲ್ಲಿ ಕಾಲೇಜಿಗೆ ಕಟ್ಟಬೇಕಾದ ಫೀಸೂ ಸೇರಿರಬಹುದು, ಮನೆ ಸಾಲ ತೀರಿಸೋಕೆ ಕೈ ಹಾಕೋ ಮುಂಚೆ ಮಗಳ ಹತ್ರ ಕೇಳಿ, ಆಮೇಲೆ ಹಾಲ್ ಟಿಕೆಟ್ ಟೈಮಲ್ಲಿ ಅವಳಿಗೆ ತೊಂದರೆ ಆಗಬಾರದು.

ಪ್ರಶ್ನೆ: ಎಐಸಿಟಿಇ ಪ್ರಗತಿ ಸ್ಕಾಲರ್‌ಶಿಪ್‌ಗೆ ವೆಟರ್ನರಿ ಓದೋ ಹುಡುಗಿಯರು ಹಾಕಬಹುದಾ? ಸೈಬರ್ ಸೆಂಟರಿನವರು ಹಾಕಿಕೊಡ್ತೀನಿ ಅಂತಿದಾರೆ. – ಹಾಸನ

ಬೇಡಮ್ಮ, ದುಡ್ಡು ದಂಡ. ಅದು ಎಐಸಿಟಿಇ ಅನ್ನೋ ತಾಂತ್ರಿಕ ಶಿಕ್ಷಣ ಮಂಡಳಿಯ ಮಾನ್ಯತೆ ಇರೋ ಟೆಕ್ನಿಕಲ್ ಕೋರ್ಸಿಗೆ, ನಮ್ಮದು ವೆಟರ್ನರಿ ಕೌನ್ಸಿಲ್ ಕೆಳಗೆ ಬರುತ್ತೆ. ನೀನು ನೋಡಬೇಕಾದ್ದು ಬೇರೆ ಎರಡು. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿ ಶಾಲೆ ಕಾಲೇಜಲ್ಲೇ ಓದಿದ್ರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ಇದೆ, ಹೆಣ್ಣುಮಕ್ಕಳಿಗೇ ಅಂತ, ವರ್ಷಕ್ಕೆ 30,000, ಮೊದಲ ವರ್ಷ ಸೇರಿದಾಗಲೇ ಹಾಕ್ಬೇಕು. ಪಿಯುಸಿಲಿ ನಿಮ್ಮ ಬೋರ್ಡಿನ ಟಾಪ್ 20 ಪರ್ಸೆಂಟೈಲಲ್ಲಿ ಇದ್ದು ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ರೆ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲಲ್ಲಿ ಸೆಂಟ್ರಲ್ ಸೆಕ್ಟರ್ ಸ್ಕೀಮ್ ನೋಡು, ಮೊದಲ ಮೂರು ವರ್ಷ ವರ್ಷಕ್ಕೆ 12,000 ಹಾಗೆ ಕೊಡ್ತಾರೆ. ಒಂದು ಸರ್ಕಾರಿ ಸ್ಕಾಲರ್‌ಶಿಪ್ ತಗೊಂಡ್ರೆ ಇನ್ನೊಂದಕ್ಕೆ ಅಡ್ಡ ಬರುತ್ತಾ ಅಂತ ಓದಿ ನೋಡಿ ಯಾವುದು ಜಾಸ್ತಿ ಅದನ್ನ ಇಟ್ಕೋ.

ಪ್ರಶ್ನೆ: ನಾನು ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದವಳು. ಶಿವಮೊಗ್ಗದಲ್ಲಿ ಮೊದಲ ವರ್ಷ. ಫೀಸಿನ ತೊಂದರೆ ಇಲ್ಲ, ಆದರೆ ಅನಾಟಮಿ ಪುಸ್ತಕಗಳು ತುಂಬಾ ದುಬಾರಿ, ಎಲ್ಲ ಇಂಗ್ಲಿಷಲ್ಲಿದೆ, ನಾನು ಕನ್ನಡ ಮೀಡಿಯಂ. ಎರಡು ತಿಂಗಳ ಮೆಸ್ ಬಿಲ್ ಬಾಕಿ ಇದೆ, ನೋಟೀಸ್ ಬೋರ್ಡಲ್ಲಿ ಹೆಸರು ಹಾಕಿದ್ದಾರೆ. ಊಟಕ್ಕೆ ಹೋಗೋಕೇ ನಾಚಿಕೆ ಆಗುತ್ತೆ.

ಮಗಳೇ, ನಿನ್ನ ಪತ್ರ ಓದಿ ನನಗೆ ನಿಜವಾಗಿ ಸಂಕಟ ಆಯ್ತು. ಊಟ ಬಿಡಬೇಡ, ಬಾಕಿ ಇದ್ರೆ ಇರ್ಲಿ. ಬಾಕಿದಾರರ ಪಟ್ಟಿ ಹಾಕೋ ವಾರ್ಡನ್‌ಗಳಿಗೆ ಒಂದು ಮಾತು ಹೇಳ್ತೀನಿ, ಆ ಪಟ್ಟಿಯಲ್ಲಿರೋ ಹೆಸರುಗಳ ಮುಂದೆ ಸರ್ಕಾರದಿಂದ ಎಷ್ಟು ಬರಬೇಕು ಅಂತಲೂ ಬರೆದ್ರೆ ಬಾಕಿದಾರ ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತೆ. ಹುಡುಗಿ ಹೆಸರು ಬೋರ್ಡಿಗೆ ಹಾಕೋದ್ರಿಂದ ಖಜಾನೆಯಿಂದ ದುಡ್ಡು ಬೇಗ ಬರಲ್ಲ.

ನೀನು ಮಾಡಬೇಕಾದ್ದು: ಎಸ್‌ಎಸ್‌ಪಿ ಅರ್ಜಿಯ ಸ್ವೀಕೃತಿ ಪ್ರಿಂಟ್ ಹಾಕಿಸಿ, ಅದರ ಜೊತೆ ಡೀನ್‌ಗೆ ಒಂದು ಪುಟದ ಮನವಿ ಕೊಡು, ಎಸ್‌ಟಿ ಸ್ಕಾಲರ್‌ಶಿಪ್ ಬಂದ ತಕ್ಷಣ ಮೆಸ್ ಬಾಕಿ ಕಟ್ತೀನಿ, ಅಲ್ಲಿಯವರೆಗೆ ದಂಡ ಹಾಕಬೇಡಿ, ಮೆಸ್ ನಿಲ್ಲಿಸಬೇಡಿ ಅಂತ. ಒಬ್ಬಳೇ ಹೋಗೋಕೆ ಹೆದರಿಕೆ ಆದ್ರೆ ನಿನ್ನ ಹಾಗೇ ಬಾಕಿ ಇರೋ ಇನ್ನೂ ನಾಲ್ಕು ಜನ ಇರ್ತಾರೆ, ಎಲ್ಲ ಸೇರಿ ಸಹಿ ಮಾಡಿ ಕೊಡಿ.

ಪುಸ್ತಕ ಕೊಳ್ಳಲೇಬೇಡ. ಲೈಬ್ರರಿಯಲ್ಲಿ ಎಸ್‌ಸಿ ಎಸ್‌ಟಿ ಬುಕ್ ಬ್ಯಾಂಕ್ ಇದೆಯಾ ಅಂತ ಕೇಳು, ವರ್ಷಪೂರ್ತಿ ಇಟ್ಕೊಳ್ಳೋ ಹಾಗೆ ಪುಸ್ತಕ ಕೊಡೋ ವ್ಯವಸ್ಥೆ ಅದು, ಕೇಳಿದೋರಿಗೆ ಮಾತ್ರ ಸಿಗುತ್ತೆ. ಎಸ್‌ಸಿ ಎಸ್‌ಟಿಗೆ ಅಂತಲೇ ಮೀಸಲಿಡೋ ಎಸ್‌ಸಿಎಸ್‌ಪಿ-ಟಿಎಸ್‌ಪಿ ಅನುದಾನದಲ್ಲಿ ಲ್ಯಾಪ್‌ಟಾಪ್, ಕಿಟ್ಟು ಈ ವರ್ಷ ಏನಾದ್ರೂ ಕೊಡ್ತಿದ್ದಾರಾ ಅಂತಲೂ ಆಫೀಸಲ್ಲಿ ವಿಚಾರಿಸು. ಸೀನಿಯರ್‌ಗಳ ಹಳೇ ಪುಸ್ತಕ, ಹಳೇ ಬೋನ್ ನೋಟ್ಸು ಬರೋದು ಎರಡನೇ ವರ್ಷಕ್ಕೆ ಅವರು ಹೋದ ಮೇಲೆ, ಆಗ ಯಾರೂ ದುಡ್ಡೂ ಕೇಳಲ್ಲ. ಇಂಗ್ಲಿಷ್ ವಿಚಾರಕ್ಕೆ ಹೆದರಬೇಡ. ಅನಾಟಮಿಯಲ್ಲಿ ಬರೋ ಹೆಸರುಗಳಲ್ಲಿ ಮುಕ್ಕಾಲು ಲ್ಯಾಟಿನ್, ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಅವು ಹೊಸವೇ. ಮೂಳೆ ಕೈಯಲ್ಲಿ ಹಿಡ್ಕೊಂಡು ಓದು, ಪುಟ ನೋಡ್ಕೊಂಡು ಅಲ್ಲ. ಮೊದಲ ಇಂಟರ್ನಲ್ ಕಮ್ಮಿ ಬಂದ್ರೂ ವರ್ಷ ಬ್ಯಾಕ್ ಆಗದ ಹಾಗೆ ನೋಡ್ಕೋ, ವರ್ಷ ಹೋದ್ರೆ ಸ್ಕಾಲರ್‌ಶಿಪ್ ರಿನ್ಯೂವಲ್ಲೂ ತೂಗಾಡುತ್ತೆ.

ಪ್ರಶ್ನೆ: ಮಗನಿಗೆ ಎಜುಕೇಷನ್ ಲೋನ್ ಕೇಳೋಕೆ ಹೋದ್ರೆ ಬ್ಯಾಂಕ್ ಮ್ಯಾನೇಜರ್ ಜಮೀನು ಪತ್ರ ಅಡ ಇಡಿ ಅಂದ್ರು, ಇನ್ನೊಂದು ಬ್ಯಾಂಕಲ್ಲಿ ನಿಮ್ಮೂರು ನಮ್ಮ ಸರ್ವಿಸ್ ಏರಿಯಾ ಅಲ್ಲ ಅಂದ್ರು. ಬೇಕಾಗಿರೋದು ಮೂರು ಲಕ್ಷ. ನಮಗೆ ಜಮೀನಿಲ್ಲ. – ಗದಗ ಜಿಲ್ಲೆ

ಇಬ್ಬರು ಹೇಳಿದ್ದೂ ಸರಿ ಇಲ್ಲ. ನಾಲ್ಕು ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳೋ ಹಾಗಿಲ್ಲ, ತಂದೆ ಅಥವಾ ತಾಯಿ ಜೊತೆ ಸಾಲಗಾರರಾಗಿ ಸಹಿ ಹಾಕಿದ್ರೆ ಆಯ್ತು. ಸರ್ವಿಸ್ ಏರಿಯಾ ಕಾರಣ ಹೇಳಿ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ರಿಸರ್ವ್ ಬ್ಯಾಂಕು ಎಂದೋ ಹೇಳಿದೆ. ಆದ್ರೆ ಕೌಂಟರ್ ಮುಂದೆ ನಿಂತು ರಿಸರ್ವ್ ಬ್ಯಾಂಕ್ ಸುತ್ತೋಲೆ ಮಾತಾಡೋದು ನಮ್ಮಂಥೋರಿಗೆ ಸುಲಭ ಅಲ್ಲ, ಅದು ನನಗೂ ಗೊತ್ತು. ಅದಕ್ಕೇ ಬಾಯಲ್ಲಿ ಕೇಳೋದು ಬಿಟ್ಟು ವಿದ್ಯಾಲಕ್ಷ್ಮಿ ಪೋರ್ಟಲಲ್ಲಿ ಅರ್ಜಿ ಹಾಕಿಸಿ. ಅಲ್ಲಿ ಅರ್ಜಿಗೆ ನಂಬರ್ ಬೀಳುತ್ತೆ, ಯಾವತ್ತು ಹಾಕಿದ್ರಿ ಅನ್ನೋದು ದಾಖಲೆ ಆಗುತ್ತೆ, ಆಗೋದಿಲ್ಲ ಅಂದ್ರೆ ಕಾರಣ ಬರೆದು ಕೊಡಿ ಅಂತ ಧೈರ್ಯವಾಗಿ ಕೇಳಬಹುದು. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದ್ರೂ ಉತ್ತರ ಇಲ್ಲ ಅಂದ್ರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ವಿಚಾರಿಸೋ ಒಂಬುಡ್ಸ್‌ಮನ್‌ಗೆ ಹೋಗಬಹುದು, 14448ಕ್ಕೆ ಫೋನ್ ಮಾಡಿದ್ರೆ ಹೇಗೆ ಅಂತ ಹೇಳ್ತಾರೆ, ಒಂದು ರೂಪಾಯಿ ಖರ್ಚಿಲ್ಲ.

ಸಾಲ ತಗೊಳ್ಳೋ ಮುಂಚೆ ಒಂದು ಕೇಳ್ಕೊಳ್ಳಿ. ಮನೆ ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ರೆ ಪ್ರೊಫೆಷನಲ್ ಕೋರ್ಸಿನ ಸಾಲಕ್ಕೆ ಓದೋ ಅವಧಿ ಪ್ಲಸ್ ಒಂದು ವರ್ಷದ ಬಡ್ಡಿಯನ್ನ ಕೇಂದ್ರ ಸರ್ಕಾರ ಕಟ್ಟೋ ಸ್ಕೀಮ್ ಇದೆ. ಮಗನ ಕಾಲೇಜು ಅದರ ವ್ಯಾಪ್ತಿಗೆ ಬರುತ್ತಾ ಅಂತ ಖಚಿತ ಮಾಡ್ಕೊಂಡು, ಆ ಬಡ್ಡಿ ಸಬ್ಸಿಡಿಗೆ ಮೊದಲ ವರ್ಷವೇ ಆದಾಯ ಪತ್ರ ಕೊಡಿ. ಎಷ್ಟೋ ಜನ ಸಾಲ ತಗೊಂಡು ಇದನ್ನ ಕೇಳದೆ ಐದೂವರೆ ವರ್ಷದ ಬಡ್ಡಿ ತಲೆ ಮೇಲೆ ಹಾಕ್ಕೊಂಡಿದಾರೆ. ಹಿಂದುಳಿದ ವರ್ಗದೋರಾದ್ರೆ ಬ್ಯಾಂಕಿಗೂ ಮುಂಚೆ ದೇವರಾಜ ಅರಸು ನಿಗಮದ ಅರಿವು ಅನ್ನೋ ಶಿಕ್ಷಣ ಸಾಲ ವಿಚಾರಿಸಿ, ಬಡ್ಡಿ 2 ಪರ್ಸೆಂಟ್ ಮಾತ್ರ. ಮೂರು ಲಕ್ಷನೂ ಒಂದೇ ಕಡೆ ತಗೋಬೇಕು ಅಂತೇನಿಲ್ಲ.

ಪ್ರಶ್ನೆ: ನಮ್ಮದು ಚಿಕನ್ ಅಂಗಡಿ, ಅಬ್ಬಾ ಅದರಲ್ಲೇ ನಮ್ಮನ್ನ ಸಾಕಿದ್ದು. ನಾನು ವೆಟರ್ನರಿ ಮೂರನೇ ವರ್ಷ. ಅರಿವು ಲೋನ್ ಮೊದಲ ವರ್ಷ ಬಂತು, ಆಮೇಲೆ ರಿನ್ಯೂವಲ್ ಮಾಡ್ಲಿಲ್ಲ. ಕ್ಲಾಸಲ್ಲಿ ಕೆಲವರು ನಿಮ್ಮನೇಲಿ ಕೊಯ್ಯೋರು, ನೀನು ವಾಸಿ ಮಾಡ್ತೀಯಾ ಅಂತ ತಮಾಷೆ ಮಾಡ್ತಾರೆ. ಅಪ್ಪನ ಕಸುಬು ಅರ್ಜಿಯಲ್ಲಿ ಬಿಸಿನೆಸ್ ಅಂತ ಬರೆದ್ರೆ ತಪ್ಪಾ? – ಹಾಸನ

ಕಸುಬು ಇದ್ದದ್ದು ಇದ್ದ ಹಾಗೆ ಬರಿ ಮಗಾ. ಮುಚ್ಚಿಡೋ ಕೆಲಸ ಅಲ್ಲ ಅದು. ನಿನ್ನ ಕೋರ್ಸಲ್ಲೇ ಮಾಂಸ ತಪಾಸಣೆ, ಕೋಳಿ ಸಾಕಾಣಿಕೆ, ಸಾರ್ವಜನಿಕ ಆರೋಗ್ಯ ಎಲ್ಲ ಪಾಠ ಇದೆ, ಪರೀಕ್ಷೆಗೂ ಬರುತ್ತೆ. ಕೋಳಿ ಕರುಳು ನೋಡಿ ರಾಣಿಖೇತ್ ರೋಗ ಇರಬಹುದಾ ಅಂತ ಅನುಮಾನ ಪಡೋದಕ್ಕೆ ಅಂಗಡಿಯಲ್ಲಿ ಬೆಳೆದ ಹುಡುಗನಿಗಿಂತ ಯಾರಿಗೆ ಬೇಗ ಬರುತ್ತೆ ಹೇಳು. ತಮಾಷೆ ಮಾಡೋರಿಗೆ ಒಂದ್ಸಲ ಎದುರಿಗೇ ಹೇಳು, ನಮ್ಮಪ್ಪನ ಕಸುಬಿನ ಮೇಲೆ ಮಾತು ಬೇಡ ಅಂತ. ಮತ್ತೂ ಮುಂದುವರಿದ್ರೆ ಅದು ತಮಾಷೆ ಅಲ್ಲ, ರ‍್ಯಾಗಿಂಗು, ಕಾಲೇಜಲ್ಲಿ ಅದಕ್ಕೆ ಸಮಿತಿ ಇರುತ್ತೆ.

ಅರಿವು ಬಗ್ಗೆ: ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಈ ಸಾಲಕ್ಕೆ ಸೇವಾ ಶುಲ್ಕ 2 ಪರ್ಸೆಂಟ್, ಮಾರ್ಕೆಟಲ್ಲಿ ಕೈಸಾಲಕ್ಕೆ ಕಟ್ಟೋದಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಆದ್ರೆ ಇದು ಪ್ರತಿ ವರ್ಷ ತಾನಾಗೇ ಬರಲ್ಲ, ಪ್ರತಿ ವರ್ಷ ಮಾರ್ಕ್ಸ್ ಕಾರ್ಡು, ಸ್ಟಡಿ ಸರ್ಟಿಫಿಕೇಟು ಹಾಕಿ ನೀನೇ ಕೇಳ್ಬೇಕು. ಬಿಟ್ಟಿರೋ ವರ್ಷ ಹೋಯ್ತು ಅಂದ್ಕೊಂಡು ಸುಮ್ಮನಾಗಬೇಡ, ಹಾಸನದ ಜಿಲ್ಲಾ ಕಚೇರಿಗೆ ಹೋಗಿ ಹಳೇ ಲೋನ್ ನಂಬರ್ ಕೊಟ್ಟು ಈಗಿಂದ ಮುಂದುವರಿಸೋಕೆ ಏನು ಬೇಕು, ಮರುಪಾವತಿ ಷರತ್ತು ಏನು ಅಂತ ಬರೆಸ್ಕೊಂಡು ಬಾ. ಅಲ್ಪಸಂಖ್ಯಾತರ ಇಲಾಖೆಯ ಸ್ಕಾಲರ್‌ಶಿಪ್ ಅರ್ಜಿನೂ ಎಸ್‌ಎಸ್‌ಪಿಲೇ ಹಾಕೋದು, ಅದು ಸಾಲ ಅಲ್ಲ, ಅದನ್ನೂ ಹಾಕು.

ಪ್ರಶ್ನೆ: ಇಂಟರ್ನ್‌ಶಿಪ್ಪಲ್ಲಿದ್ದೀನಿ. ಸ್ಟೈಪೆಂಡ್ ಎರಡು ಮೂರು ತಿಂಗಳು ಒಟ್ಟಿಗೆ ಬರುತ್ತೆ. ದಿನಾ ಹಳ್ಳಿ ಆಸ್ಪತ್ರೆಗೆ ಬಸ್ಸು, ಊಟ ಎಲ್ಲ ಕೈಯಿಂದ. ಮನೆಯವರು ನೀನೀಗ ಸಂಬಳ ತಗೋತೀಯಲ್ಲ ಅಂತ ದುಡ್ಡು ಕಳ್ಸೋದು ನಿಲ್ಸಿದ್ದಾರೆ.

ಇದು ಪ್ರತಿ ಬ್ಯಾಚಿನ ಗೋಳು. ಎಂಬಿಬಿಎಸ್ ಇಂಟರ್ನ್‌ಗಳಷ್ಟೇ ಸ್ಟೈಪೆಂಡ್ ನಮಗೂ ಕೊಡಿ ಅಂತ ವೆಟರ್ನರಿ ಮಕ್ಕಳು ಬೇರೆ ಬೇರೆ ರಾಜ್ಯಗಳಲ್ಲಿ ಬೀದಿಗಿಳಿದಿದ್ದಾರೆ, ಅವರ ಬೇಡಿಕೆ ನ್ಯಾಯ ಅಂತಲೇ ನಾನು ಹೇಳೋದು. ರಾತ್ರಿ ಎರಡು ಗಂಟೆಗೆ ಕರು ಅಡ್ಡ ಸಿಕ್ಕಿಕೊಂಡಿರೋ ಎಮ್ಮೆಗೆ ಭುಜದವರೆಗೆ ಕೈ ಹಾಕಿ ಕೂತಿರೋ ಹುಡುಗನ ಕೆಲಸ ಯಾವ ಲೆಕ್ಕದಲ್ಲಿ ಕಮ್ಮಿ? ಮನೆಯವರಿಗೆ ಇದು ಸಂಬಳ ಅಲ್ಲ ಅಂತ ಬಿಡಿಸಿ ಹೇಳು, ಈ ಅಂಕಣ ಬೇಕಾದ್ರೆ ತೋರಿಸು. ನಾಲ್ಕನೇ ವರ್ಷದಲ್ಲಿ ಓದ್ತಿರೋ ನಿನ್ನ ಜೂನಿಯರ್‌ಗಳಿಗೂ ಹೇಳು, ಕೊನೆಯ ವರ್ಷದ ಸ್ಕಾಲರ್‌ಶಿಪ್ ಬಂದ್ರೆ ಅದರಲ್ಲಿ ಮೂರು ತಿಂಗಳ ಬಸ್ ಚಾರ್ಜು, ಊಟ ಎತ್ತಿಟ್ಟೇ ಇಂಟರ್ನ್‌ಶಿಪ್ಪಿಗೆ ಇಳೀರಿ ಅಂತ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಪಶುವೈದ್ಯ. ನಮ್ಮ ಬ್ಯಾಚಿನವರು ಸೇರಿ ಸ್ವಲ್ಪ ಹಣ ಹಾಕಿ, ನಾವು ಓದಿದ ಕಾಲೇಜಿನಲ್ಲಿ ಮೊದಲ ರ‍್ಯಾಂಕ್ ಬಂದವರಿಗೆ ಚಿನ್ನದ ಪದಕ ಇಡೋಣ ಅಂತಿದ್ದೇವೆ. ತಮ್ಮ ಅಭಿಪ್ರಾಯ?

ಡಾಕ್ಟ್ರೇ, ತಾವು ದೊಡ್ಡ ಮನಸ್ಸು ಮಾಡಿದ್ದೀರಿ, ಅದಕ್ಕೆ ಕೈ ಮುಗೀತೀನಿ. ಆದ್ರೆ ಪದಕ ಬೇಡ ಅಂತ ಕೇಳ್ಕೊಳ್ತೀನಿ. ಮೇಲಿನ ಪತ್ರಗಳನ್ನ ತಾವೂ ಓದಿದ್ರಿ. ಈ ಮಕ್ಕಳಲ್ಲಿ ಒಬ್ಬರೂ ಪದಕ ಕೇಳಿಲ್ಲ, ಎರಡು ತಿಂಗಳ ಮೆಸ್ ಬಿಲ್ ಕೇಳಿದಾರೆ. ರ‍್ಯಾಂಕ್ ಬರೋ ಮಗು ಹೇಗಿದ್ರೂ ಓದು ಮುಗಿಸುತ್ತೆ, ನಮ್ಮ ದುಡ್ಡು ಬೇಕಾಗಿರೋದು ಎರಡನೇ ವರ್ಷದಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಟುಬಿಡೋ ಮಗುಗೆ.

ನನ್ನ ಸಲಹೆ ಹೀಗಿದೆ. ಆ ಹಣವನ್ನ ಕಾಲೇಜಲ್ಲಿ ಒಂದು ಸುತ್ತುನಿಧಿ ಮಾಡಿ. ಸ್ಕಾಲರ್‌ಶಿಪ್ ಸ್ಯಾಂಕ್ಷನ್ ಆಗಿ ದುಡ್ಡು ಬರದೆ ಇರೋ ಮಕ್ಕಳಿಗೆ ಬಡ್ಡಿ ಇಲ್ಲದೆ ಕೊಡೋದು, ಸರ್ಕಾರದ ದುಡ್ಡು ಬಂದ ಮೇಲೆ ಅವರು ವಾಪಸ್ ಹಾಕೋದು, ಅದೇ ದುಡ್ಡು ಮುಂದಿನ ಮಗುಗೆ. ಹೀಗೆ ಮಾಡಿದ್ರೆ ಒಂದೇ ಮೊತ್ತ ವರ್ಷ ವರ್ಷ ಓಡುತ್ತೆ, ಎಫ್‌ಡಿ ಬಡ್ಡಿಯಲ್ಲಿ ಒಂದು ಪದಕ ಕೊಡೋದಕ್ಕಿಂತ ಎಷ್ಟೋ ಮಕ್ಕಳಿಗೆ ಮುಟ್ಟುತ್ತೆ. ಸ್ವಲ್ಪ ಭಾಗವನ್ನ ವಾಪಸ್ ಕೇಳದ ಸಹಾಯ ಅಂತ ಬೇರೆ ಇಡಿ, ಯಾವ ಸ್ಕೀಮಿಗೂ ಸಿಗದೇ ಹೋಗೋರಿಗೆ, ಉದಾಹರಣೆಗೆ ಆದಾಯ ಮಿತಿಗಿಂತ ಐದು ಸಾವಿರ ಜಾಸ್ತಿ ಬಂದು ಎಲ್ಲದರಿಂದಲೂ ಹೊರಗೆ ಬೀಳೋ ಮನೆಗಳು, ಅಪ್ಪ ತೀರಿಹೋಗಿ ಹಳೇ ಆದಾಯ ಪತ್ರವೇ ಉಳಿದಿರೋ ಮಕ್ಕಳು.

ಆಯ್ಕೆಗೆ ಡೀನ್ ಜೊತೆ ಹಾಸ್ಟೆಲ್ ವಾರ್ಡನ್ನು, ಸ್ಕಾಲರ್‌ಶಿಪ್ ಕ್ಲರ್ಕು, ಒಬ್ಬ ಮಹಿಳಾ ಪ್ರೊಫೆಸರ್ ಇರ್ಲಿ, ಯಾರ ಮನೆಯಲ್ಲಿ ಒಲೆ ಉರೀತಿಲ್ಲ ಅನ್ನೋದು ಇವರಿಗೆ ಗೊತ್ತಿರುತ್ತೆ. ಅರ್ಜಿ ಒಂದೇ ಪುಟ ಇರ್ಲಿ, ಕನ್ನಡದಲ್ಲಿ. ಎಸ್‌ಎಸ್‌ಪಿಗೆ ಕೊಟ್ಟಿರೋ ಕಾಗದಗಳನ್ನೇ ಮತ್ತೆ ಕೇಳಬೇಡಿ. ದಯವಿಟ್ಟು ಸ್ಟೇಜ್ ಮೇಲೆ ಕರೆದು ದೊಡ್ಡ ಚೆಕ್ಕು ಹಿಡಿಸಿ ಫೋಟೋ ತೆಗೆಸಬೇಡಿ, ಆ ಫೋಟೋ ಫೇಸ್‌ಬುಕ್ಕಲ್ಲಿ ಹೋದ ಮೇಲೆ ಕ್ಲಾಸಲ್ಲಿ ಕೂರೋದು ಆ ಮಗು. ದುಡ್ಡು ನೇರವಾಗಿ ಮೆಸ್ ಅಕೌಂಟಿಗೆ ಹೋದ್ರೆ ಕೈಕಟ್ಟಿ ನಿಲ್ಲೋ ಪ್ರಸಂಗವೇ ಬರಲ್ಲ.

ಮತ್ತೆ ಟೈಮು. ವರ್ಷದ ಕೊನೆಗೆ ಸಮಾರಂಭ ಮಾಡಿ ಕೊಡೋದಲ್ಲ, ಅಡ್ಮಿಷನ್ ಆದ ತಿಂಗಳೇ ಮೊದಲ ಕಂತು ಹೋಗ್ಬೇಕು, ಗಮ್‌ಬೂಟು, ಏಪ್ರನ್ನು, ಕಿಟ್ಟು ಕೊಳ್ಳೋದು ಆಗಲೇ. ತಾವು ಬ್ಯಾಚಿನವರ ಜೊತೆ ಮಾತಾಡಿ ಡೀನ್‌ಗೆ ಪತ್ರ ಬರೆದ್ರೆ ನನಗೂ ಒಂದು ಪ್ರತಿ ಕಳಿಸಿ, ನನ್ನ ಪಾಲೂ ಅದಕ್ಕೆ ಸೇರಿಸ್ತೀನಿ.